ಪಂದ್ಯದ ಹಿಂದಿನ ದಿನ

ಮನುಷ್ಯನು ಕೈಗೊಳ್ಳುವ ಕಾಯಕಗಳಲ್ಲಿ ಕಾಯುವುದೂ ಒಂದು. ಉತ್ತವನು ಮಳೆಗಾಗಿ ಕಾಯುತ್ತಾನೆ. ಬಿತ್ತಿದವನು ಪೈರಿಗಾಗಿ ಕಾಯುತ್ತಾನೆ. ಪರೀಕ್ಷೆಯ ದಿನ ಶಾಲೆಯ ಹೊರಗಣ ಬೇವಿನ ಮರದ ನೆರಳಿನಲ್ಲಿ ತಂದೆತಾಯಿಗಳು ಕಾಯುತ್ತಾರೆ. ಒಳಗೆ ಕುಳಿತು ಬರೆಯುತ್ತಿರುವವನು ಮಗ. ಹೊರಗೆ ನಿಂತು ಬೆವರುತ್ತಿರುವವರು ಇವರು. ಲೆಕ್ಕದ ಪ್ರಶ್ನೆ ಕಠಿಣವಾದರೆ ಮೊದಲು ವ್ಯಾಕರಣಕ್ಕೆ ಕೈಹಾಕಲಿ, ಪ್ರಬಂಧವನ್ನು ಕೊನೆಗಿಟ್ಟುಕೊಳ್ಳಲಿ, ಗಡಿಯಾರದ ಕಡೆ ಒಂದು ಕಣ್ಣಿಟ್ಟಿರಲಿ ಎಂದು ಅವರು ಮನದಲ್ಲಿಯೇ ಉಪಾಯಗಳನ್ನು ಹೂಡುತ್ತಿರುತ್ತಾರೆ. ಆ ಉಪಾಯಗಳಲ್ಲಿ ಒಂದಾದರೂ ಗೋಡೆಯನ್ನು ದಾಟಿ ಮಗನ ಕಿವಿಗೆ ಬೀಳುವುದಿಲ್ಲವೆಂದು ಅವರಿಗೂ ಗೊತ್ತು. ಆದರೂ ಹೂಡುವುದನ್ನು ಬಿಡುವುದಿಲ್ಲ. ಫಲದ ಮೇಲೆ ತನ್ನ ಕೈ ಇಲ್ಲವೆಂದು ಬಲ್ಲವನು ಇಟ್ಟುಕೊಳ್ಳುವ ಇಂತಹ ನಿರೀಕ್ಷೆಯು ಕೇವಲ ಭ್ರಮೆಯೆ, ಇಲ್ಲವೆ ಅದಕ್ಕೂ ಒಂದು ಬೆಲೆಯುಂಟೆ? ಈ ಪ್ರಶ್ನೆಗೆ ದೂರದ ಆಸ್ಟ್ರೇಲಿಯಾ ದೇಶದ ಒಂದು ಕ್ರೀಡೆಯ ವೃತ್ತಾಂತವು ಉತ್ತರವನ್ನು ಕೊಡುವಂತಿದೆ.

ಆ ದೇಶದ ದಕ್ಷಿಣ ಭಾಗದಲ್ಲಿ, ಅದರಲ್ಲಿಯೂ ವಿಕ್ಟೋರಿಯಾ ರಾಜ್ಯದಲ್ಲಿ, ಫುಟ್‌ಬಾಲ್ ಎಂದರೆ ಜಗತ್ತೆಲ್ಲ ಬಲ್ಲ ಕಾಲ್ಚೆಂಡಾಟವಲ್ಲ. ಅಲ್ಲಿಯ ಚೆಂಡು ಮೊಟ್ಟೆಯ ಆಕಾರದ್ದು. ಅಂಗಳವೂ ಅಂಡಾಕಾರದ್ದು, ಕ್ರಿಕೆಟ್ ಆಡುವಷ್ಟು ವಿಶಾಲವಾದುದು. ಪಕ್ಷವೊಂದಕ್ಕೆ 18 ಮಂದಿ ಏಕಕಾಲದಲ್ಲಿ ಕಣದಲ್ಲಿರುತ್ತಾರೆ. ಚೆಂಡನ್ನು ಒದೆಯಬಹುದು, ಹಿಡಿಯಬಹುದು, ಹಿಡಿದು ಓಡಬಹುದು. ಓಡುವಾಗ ಹದಿನೈದು ಮೀಟರಿಗೊಮ್ಮೆ ನೆಲಕ್ಕೆ ತಾಗಿಸಬೇಕು. ಕೈಯಿಂದ ಎಸೆಯುವಂತಿಲ್ಲ, ಒಂದು ಅಂಗೈಯಲ್ಲಿಟ್ಟು ಮತ್ತೊಂದು ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ದಾಟಿಸಬೇಕು. ಅಂಗಳದ ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳು. ನಡುವಣ ಎರಡು ಎತ್ತರದ ಕಂಬಗಳ ನಡುವೆ ಒದ್ದು ಕಳುಹಿದರೆ ಗೋಲು, ಅದಕ್ಕೆ 6 ಅಂಕ; ಪಕ್ಕದ ಕಂಬಗಳ ನಡುವೆ ಹೋದರೆ ಕೇವಲ 1 ಅಂಕ. ಇಪ್ಪತ್ತು ನಿಮಿಷಗಳ ನಾಲ್ಕು ಪಾದಗಳಲ್ಲಿ ಪಂದ್ಯ ಮುಗಿಯುತ್ತದೆ. ಶರತ್ಕಾಲದಿಂದ ವಸಂತದವರೆಗೆ ನಡೆಯುವ ಈ ಆಟದ ಋತುವಿನಲ್ಲಿ ಹದಿನೆಂಟು ತಂಡಗಳು ಸೆಣಸುತ್ತವೆ, ಕೊನೆಗೆ ಎರಡು ತಂಡಗಳು ಮೆಲ್ಬರ್ನ್ ನಗರದ ಮಹಾಕ್ರೀಡಾಂಗಣದಲ್ಲಿ ಲಕ್ಷದ ಸಮೀಪ ಪ್ರೇಕ್ಷಕರ ಎದುರಿಗೆ ಅಂತಿಮ ಪಂದ್ಯವನ್ನಾಡುತ್ತವೆ.

ಮೆಲ್ಬರ್ನ್ ನಗರದ ಪಶ್ಚಿಮಕ್ಕೆ, ಮಾರಿಬಿರ್ನಾಂಗ್ ನದಿಯ ಆಚೆಯ ದಡದಲ್ಲಿ ಫುಟ್ಸ್‌ಕ್ರೇ ಎಂಬ ಬಡಾವಣೆಯಿದೆ. ಚರ್ಮ ಹದಮಾಡುವ ಕಾರ್ಖಾನೆಗಳು, ಮದ್ದುಗುಂಡುಗಳ ಕಾರ್ಖಾನೆ, ಕಲ್ಲುಗಣಿಗಳು ಇವುಗಳ ನಡುವೆ ದುಡಿದು ಬದುಕಿದವರ ಊರು ಅದು. ಆ ಊರಿನ ತಂಡವು 1925ರಲ್ಲಿ ರಾಜ್ಯದ ಪ್ರಮುಖ ಪಂದ್ಯಾವಳಿಗೆ ಪ್ರವೇಶ ಪಡೆಯಿತು. ಬುಲ್‌ಡಾಗ್ ಎಂಬ ಹಿಡಿದುದನ್ನು ಬಿಡದ ನಾಯಿಯೇ ಅದರ ಲಾಂಛನ. ಪ್ರವೇಶ ಪಡೆದ ಮೂವತ್ತನೆಯ ಋತುವಿನಲ್ಲಿ, ಎಂದರೆ 1954ರ ಸೆಪ್ಟೆಂಬರ್ 25ರಂದು, ಚಾರ್ಲಿ ಸಟನ್ ಎಂಬ ನಾಯಕನ ಮುಂದಾಳುತನದಲ್ಲಿ ಫುಟ್ಸ್‌ಕ್ರೇ ತಂಡವು ಮೆಲ್ಬರ್ನ್ ತಂಡವನ್ನು 102ಕ್ಕೆ 51 ಅಂಕಗಳಿಂದ ಸೋಲಿಸಿ ಪ್ರಥಮ ಬಾರಿಗೆ ಪ್ರಶಸ್ತಿಯನ್ನು ಪಡೆಯಿತು. ಎದುರಾಳಿಯ ಅಂಕಕ್ಕೆ ಸರಿಯಾಗಿ ಇಮ್ಮಡಿ! ಆ ದಿನ ಆಡಿದವರಲ್ಲಿ ಟೆಡ್ ವಿಟನ್ ಎಂಬ ಇಪ್ಪತ್ತೊಂದರ ತರುಣನೂ ಇದ್ದನು; ಮುಂದೆ ಆ ಕ್ರೀಡೆಯ ಮಹಾಪುರುಷರಲ್ಲೊಬ್ಬನೆಂದು ಗಣ್ಯನಾದನು. ಇಂತಹ ಗೆಲುವನ್ನು ಕಂಡ ಜನರು ಇದು ಆರಂಭವೆಂದು ಭಾವಿಸಿದುದರಲ್ಲಿ ಆಶ್ಚರ್ಯವಿಲ್ಲ. ಅದು ಆರಂಭವಾಗಿರಲಿಲ್ಲ. 1961ರಲ್ಲಿ ಮತ್ತೊಮ್ಮೆ ಅಂತಿಮ ಪಂದ್ಯಕ್ಕೆ ಬಂದು ಹಾಥಾರ್ನ್ ತಂಡಕ್ಕೆ ಸೋತ ಬಳಿಕ, ಆ ಬಾಗಿಲು ಅವರ ಪಾಲಿಗೆ ಅರ್ಧ ಶತಮಾನಕ್ಕೂ ಮಿಕ್ಕಿ ಮುಚ್ಚಿತು.

ಪ್ರಶಸ್ತಿ ದೊರೆಯದಿರುವುದು ಒಂದು ದುಃಖ. ತಂಡವೇ ಇಲ್ಲವಾಗುವುದು ಬೇರೊಂದು ದುಃಖ. 1989ರ ಅಕ್ಟೋಬರಿನಲ್ಲಿ ಆ ಎರಡನೆಯ ದುಃಖವೂ ಬಾಗಿಲಿಗೆ ಬಂದು ನಿಂತಿತು. ಸಂಘವು ಸಾಲದಲ್ಲಿ ಮುಳುಗಿದೆ, ಆದಕಾರಣ ಅದನ್ನು ಫಿಟ್ಜ್‌ರಾಯ್ ತಂಡದೊಡನೆ ವಿಲೀನಗೊಳಿಸಲಾಗುವುದು ಎಂದು ಆಡಳಿತದವರು ಪ್ರಕಟಿಸಿದರು. ಅಂದು ಪಶ್ಚಿಮ ಬಡಾವಣೆಗಳ ಜನರು ಮಾಡಿದುದು ಸ್ಮರಣೀಯವಾದುದು. ಒಬ್ಬ ಸಾಮಾನ್ಯ ಅಭಿಮಾನಿ ಮಹಿಳೆಯ ಹೆಸರಿನಲ್ಲಿ ನ್ಯಾಯಾಲಯದಲ್ಲಿ ದಾವೆ ಹೂಡಿ ವಿಲೀನಕ್ಕೆ ತಡೆ ತಂದರು. ಪೀಟರ್ ಗಾರ್ಡನ್ ಎಂಬ ತರುಣ ವಕೀಲನು ಹೋರಾಟದ ಮುಂದಾಳಾದನು. ಕೆಲವೇ ವಾರಗಳ ಗಡುವು. ಜನರು ಡಬ್ಬಿಗಳನ್ನು ಹಿಡಿದು ಬೀದಿಬೀದಿಗೆ ಹೊರಟರು; ಮನೆಮನೆಯ ಕದ ತಟ್ಟಿದರು. ಕಾರ್ಖಾನೆಯ ಕೂಲಿಯವನು ತನ್ನ ವಾರದ ಸಂಬಳದಿಂದ ಕೊಟ್ಟನು. ಪಿಂಚಣಿಯ ಮುದುಕಿ ತನ್ನ ಕೈಚೀಲದಿಂದ ಕೊಟ್ಟಳು. ಬಾಲಕರು ತಮ್ಮ ಹುಂಡಿಗಳನ್ನು ಒಡೆದು ಕೊಟ್ಟರು. ಬೇಕಾದಷ್ಟು ಹಣ ಕೂಡಿತು, ವಿಲೀನದ ಯೋಜನೆ ಬಿದ್ದುಹೋಯಿತು, ಸಂಘ ಉಳಿಯಿತು. ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿ, ಮುಷ್ಟಿಭಿಕ್ಷೆಯ ಜೋಳದಿಂದ ಪ್ರಸಾದನಿಲಯಗಳನ್ನೂ ಪಾಠಶಾಲೆಗಳನ್ನೂ ಕಟ್ಟಿದ ಪೂಜ್ಯರ ನಾಡಿನವರಿಗೆ ಈ ಸಂಗತಿಯ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಒಂದು ಹಿಡಿ ಕೊಟ್ಟವನಿಗೆ ಆ ಸಂಸ್ಥೆ ಪರಕೀಯವಲ್ಲ. ಅದರ ಏಳುಬೀಳುಗಳು ಅವನ ಮನೆಯ ಏಳುಬೀಳುಗಳೇ ಆಗುತ್ತವೆ.

ಸಂಘ ಉಳಿಯಿತು, ಆದರೆ ಗೆಲುವು ಬರಲಿಲ್ಲ. ಅಂತಿಮ ಪಂದ್ಯಕ್ಕೆ ಮೊದಲು ಆಡುವ ಉಪಾಂತ್ಯದ ಪಂದ್ಯವೇ ಅವರಿಗೆ ಚಕ್ರವ್ಯೂಹದ ಕೊನೆಯ ಸುತ್ತಾಯಿತು. 1985, 1992, 1997, 1998, 2008, 2009, 2010 – ಹೀಗೆ ಏಳು ಬಾರಿ ಆ ಸುತ್ತಿನವರೆಗೆ ಬಂದರು; ಏಳು ಬಾರಿಯೂ ಅಲ್ಲಿಯೇ ಬಿದ್ದರು. ಇವುಗಳಲ್ಲಿ 1997ರ ಗಾಯ ಅತ್ಯಂತ ಆಳವಾದುದು. ಆ ಹೊತ್ತಿಗೆ ತಂಡದ ಹೆಸರು ವೆಸ್ಟರ್ನ್ ಬುಲ್‌ಡಾಗ್ಸ್ ಎಂದು ಬದಲಾಗಿತ್ತು. ಅಡಿಲೇಡ್ ತಂಡದೆದುರು ಮೂರು ಪಾದಗಳು ಮುಗಿದಾಗ ಅವರು 22 ಅಂಕಗಳಿಂದ ಮುಂದಿದ್ದರು. ಕೊನೆಯ ಪಾದದಲ್ಲಿ ಟೋನಿ ಲಿಬರಟೋರೆ ಎಂಬ ಗಿಡ್ಡ ಆಟಗಾರನು ಒದ್ದ ಚೆಂಡು ಗೋಲೆಂದು ಭಾವಿಸಿ ಕೈಯೆತ್ತಿ ಕುಣಿದನು. ತೀರ್ಪುಗಾರನು ಒಂದೇ ಅಂಕವೆಂದು ಸನ್ನೆ ಮಾಡಿದನು. ಕೊನೆಗೆ ಸೋತದ್ದು 2 ಅಂಕಗಳಿಂದ. ಇಷ್ಟರಲ್ಲಿ ಟೆಡ್ ವಿಟನ್ 1995ರಲ್ಲಿ ತೀರಿಕೊಂಡಿದ್ದನು. 2012ರಲ್ಲಿ ಚಾರ್ಲಿ ಸಟನ್ನನೂ ತೀರಿಕೊಂಡನು. 1954ರ ಗೆಲುವನ್ನು ಹತ್ತು ವರ್ಷದ ಬಾಲಕನಾಗಿ ತಂದೆಯ ಹೆಗಲ ಮೇಲಿನಿಂದ ನೋಡಿದವನಿಗೆ 2016ರಲ್ಲಿ ಎಪ್ಪತ್ತೆರಡು ತುಂಬಿತ್ತು. ಹೆಗಲು ಕೊಟ್ಟ ತಂದೆ ಎಂದೋ ಮಣ್ಣಾಗಿದ್ದನು. ಇನ್ನು ನೋಡಿಯೇನೆ ಎಂಬ ಮಾತು ಅಂತಹ ಮುದುಕರ ಬಾಯಲ್ಲಿ ಅತಿಶಯೋಕ್ತಿಯಾಗಿರಲಿಲ್ಲ.

2014ರಲ್ಲಿ ತಂಡವು ಹದಿನಾಲ್ಕನೆಯ ಸ್ಥಾನಕ್ಕೆ ಇಳಿದಿತ್ತು. ಋತು ಮುಗಿಯುತ್ತಲೇ ನಾಯಕನು ಬೇರೊಂದು ತಂಡಕ್ಕೆ ಹೊರಟುಹೋದನು, ತರಬೇತುದಾರನೂ ಬಿಟ್ಟುಹೋದನು. ಆ ಶೂನ್ಯದಲ್ಲಿ ಲ್ಯೂಕ್ ಬೆವರಿಡ್ಜ್ ತರಬೇತುದಾರನಾಗಿ ಬಂದನು. ಹದಿನೈದು ವರ್ಷಗಳಿಂದ ಅದೇ ಸಂಘದಲ್ಲಿ ಆಡುತ್ತಿದ್ದ ರಾಬರ್ಟ್ ಮರ್ಫಿಯು ನಾಯಕನಾದನು. ಮರ್ಫಿ ಕೃಶಕಾಯದವನು, ಮೃದುಮಾತಿನವನು, ಪತ್ರಿಕೆಗೆ ಲೇಖನ ಬರೆಯುವ ಹವ್ಯಾಸವುಳ್ಳವನು; 2008ರಿಂದ 2010ರವರೆಗಿನ ಮೂರು ಉಪಾಂತ್ಯ ಸೋಲುಗಳ ಕಾಲದಲ್ಲಿಯೂ ತಂಡದಲ್ಲಿದ್ದವನು. ಅಭಿಮಾನಿಗಳ ಹಂಬಲವೆಲ್ಲ ಅವನೊಬ್ಬನಲ್ಲಿ ರೂಪುಗೊಂಡಂತಿತ್ತು. ಆದರೆ 2016ರ ಏಪ್ರಿಲ್‌ನಲ್ಲಿ, ಋತುವಿನ ಮೂರನೆಯ ಪಂದ್ಯದ ಕೊನೆಯ ನಿಮಿಷಗಳಲ್ಲಿ, ಅವನ ಮೊಣಕಾಲಿನ ಕಟ್ಟು ಹರಿಯಿತು. ಆ ವರ್ಷ ಅವನಿಗೆ ಆಟ ಮುಗಿಯಿತು. ವಯಸ್ಸು ಮೂವತ್ತಮೂರು, ಮರಳುವ ಭರವಸೆಯೂ ಅಲ್ಪ. ಈಸ್ಟನ್ ವುಡ್ ಎಂಬವನು ಅವನ ಸ್ಥಾನದಲ್ಲಿ ನಾಯಕತ್ವವನ್ನು ನಿರ್ವಹಿಸಿದನು.

ಹೀಗೆ ಊನವಾದ ತಂಡ ಆ ವರ್ಷ ಏಳನೆಯ ಸ್ಥಾನದಲ್ಲಿ ಮೊದಲ ಸುತ್ತನ್ನು ಮುಗಿಸಿತು. ಏಳನೆಯ ಸ್ಥಾನದಿಂದ ಹೊರಟು ಪ್ರಶಸ್ತಿ ಗೆದ್ದ ತಂಡ ಅದುವರೆಗೆ ಯಾವುದೂ ಇರಲಿಲ್ಲ. ಸೆಪ್ಟೆಂಬರ್ 8ರಂದು ದೂರದ ಪರ್ತ್ ನಗರಕ್ಕೆ ಹೋಗಿ ವೆಸ್ಟ್ ಕೋಸ್ಟ್ ತಂಡವನ್ನು ಅದರ ಅಂಗಳದಲ್ಲಿಯೇ 47 ಅಂಕಗಳಿಂದ ಸೋಲಿಸಿದರು. ಮುಂದಿನ ವಾರ, ಸತತವಾಗಿ ಮೂರು ವರ್ಷ ಪ್ರಶಸ್ತಿ ಗೆದ್ದಿದ್ದ ಹಾಥಾರ್ನ್ ತಂಡವನ್ನು 23 ಅಂಕಗಳಿಂದ ಮಣಿಸಿದರು. ಅನಂತರ ಬಂದಿತು ಉಪಾಂತ್ಯದ ಆ ಹಳೆಯ ಸುತ್ತು. ಸಾವಿರಾರು ಅಭಿಮಾನಿಗಳು ಕಾರುಗಳಲ್ಲಿಯೂ ಬಸ್ಸುಗಳಲ್ಲಿಯೂ ಹೆದ್ದಾರಿ ಹಿಡಿದು ಸಿಡ್ನಿಗೆ ಹೋದರು. ಸೆಪ್ಟೆಂಬರ್ 24ರ ಸಂಜೆ ಗ್ರೇಟರ್ ವೆಸ್ಟರ್ನ್ ಸಿಡ್ನಿ ತಂಡದೆದುರು 89ಕ್ಕೆ 83ರಿಂದ, ಎಂದರೆ ಒಂದೇ ಒಂದು ಗೋಲಿನ ಅಂತರದಿಂದ, ವ್ಯೂಹವು ಒಡೆಯಿತು. ಐವತ್ತೈದು ವರ್ಷಗಳ ಬಳಿಕ ಪಶ್ಚಿಮದ ತಂಡ ಅಂತಿಮ ಪಂದ್ಯಕ್ಕೆ ಬಂದಿತು.

ಅಲ್ಲಿಂದ ಅಕ್ಟೋಬರ್ 1ರವರೆಗೆ ಒಂದು ವಾರ. ಈ ವಾರವೇ ಪ್ರಸ್ತುತ ವಿಚಾರಕ್ಕೆ ಮುಖ್ಯವಾದುದು. ಫುಟ್ಸ್‌ಕ್ರೇಯ ಅಂಗಡಿಗಳ ಮುಂದೆ ಕೆಂಪು, ಬಿಳಿ, ನೀಲಿ ಬಣ್ಣದ ಪಟ್ಟಿಗಳು ಮೇಲೆದ್ದವು. ಇಟಲಿ, ಗ್ರೀಸ್ ದೇಶಗಳಿಂದ ಬಂದು ನೆಲೆಸಿದವರ ಮಕ್ಕಳೂ, ವಿಯೆಟ್ನಾಂ ಯುದ್ಧದ ಬಳಿಕ ಬಂದವರೂ, ಆಫ್ರಿಕದಿಂದ ಇತ್ತೀಚೆಗೆ ಬಂದವರೂ ಒಂದೇ ಮಾತನ್ನಾಡತೊಡಗಿದರು. ಆ ಪಶ್ಚಿಮದ ಹೊಸ ಬಡಾವಣೆಗಳಲ್ಲಿ ಭಾರತೀಯರ ಮನೆಗಳೂ ಹೇರಳ. ಅವರಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ. ಕ್ರಿಕೆಟ್ಟನ್ನು ಮಾತ್ರ ಬಲ್ಲ ತಂದೆಗೆ ಅಲ್ಲಿಯ ಶಾಲೆಗೆ ಹೋಗುವ ಮಗ ಮೊಟ್ಟೆಯಾಕಾರದ ಚೆಂಡಿನ ನಿಯಮಗಳನ್ನು ಕಲಿಸಿಕೊಡುವುದು ಅಂತಹ ಮನೆಗಳಲ್ಲಿ ಅಪರೂಪವಲ್ಲ.

ಆ ವಾರ ಅಭಿಮಾನಿಗಳಲ್ಲಿ ಎರಡು ಬಗೆಯವರು ಕಾಣುತ್ತಿದ್ದರು. ತರುಣರು ಗೆದ್ದೇ ಗೆಲ್ಲುವೆವೆಂದು ಕೂಗಿ ಹೇಳುವವರು. ಮುದುಕರು ಆ ಮಾತನ್ನು ಬಾಯಲ್ಲಿ ತರಲು ಅಂಜುವವರು. ಏಳು ಸಲ ಬೆಂದವರಿಗೆ ಆಸೆಯೇ ಭಯವಾಗಿತ್ತು. ಆಸೆಪಟ್ಟರೆ ಕಣ್ಣು ತಾಗೀತೆಂದು ಸುಮ್ಮನಿದ್ದು, ಒಳಗೊಳಗೆ ಹೆಚ್ಚು ಆಸೆಪಟ್ಟವರು ಅವರೇ. ಪೆಟ್ಟಿಗೆಯ ತಳದಿಂದ ತಂದೆಯ ಕಾಲದ ಉಣ್ಣೆಯ ಕೊರಳಪಟ್ಟಿಯನ್ನು ತೆಗೆದು ಗಾಳಿಗೆ ಹಾಕಿದರು. ಉಪಾಂತ್ಯದ ದಿನ ತೊಟ್ಟಿದ್ದ ಅಂಗಿಯನ್ನು ಒಗೆಯಬಾರದೆಂದರು. ವಿದ್ಯಾವಂತರು ಇದನ್ನು ಮೌಢ್ಯವೆಂದು ನಗಬಹುದು. ಆದರೆ ಪ್ರೀತಿ ತನ್ನ ಕೈಲಾಗದುದರ ಎದುರಿಗೆ ನಿಂತಾಗ ಏನಾದರೊಂದನ್ನು ಮಾಡಲೇಬೇಕೆಂದು ತವಕಿಸುತ್ತದೆ. ಆ ತವಕವು ನಗುವಿಗೆ ಯೋಗ್ಯವಾದುದಲ್ಲ.

ಎದುರಾಳಿ ಸಿಡ್ನಿ ಸ್ವಾನ್ಸ್. ಇಲ್ಲೊಂದು ಶಬ್ದಚಮತ್ಕಾರವುಂಟು. ಕನ್ನಡದ ಕಿವಿಗೆ ಸ್ವಾನ್ ಎಂದೊಡನೆ ಶ್ವಾನ ಕೇಳಿಸುತ್ತದೆ. ಆದರೆ ಆಂಗ್ಲರ ಸ್ವಾನ್ ಎಂದರೆ ಹಂಸ. ನಿಜವಾದ ಶ್ವಾನವಿರುವುದು ಆಚೆಯ ಪಕ್ಷದಲ್ಲಿ! ಹೀಗೆ ಹಂಸಕ್ಕೂ ಶ್ವಾನಕ್ಕೂ ಕಾಳಗವೆಂದರೆ ಹಂಸವನ್ನು ನಿಂದಿಸಬೇಕಾಗಿಲ್ಲ. ಸಿಡ್ನಿಯ ತಂಡವು ಮೊದಲು ಮೆಲ್ಬರ್ನ್ ನಗರದ ದಕ್ಷಿಣ ಭಾಗದ್ದಾಗಿತ್ತು. ಕಷ್ಟಕ್ಕೆ ಸಿಲುಕಿ 1982ರಲ್ಲಿ ಊರು ಬಿಟ್ಟು ಸಿಡ್ನಿಗೆ ಹೋಯಿತು. 1933ರಲ್ಲಿ ಗೆದ್ದ ಬಳಿಕ 2005ರವರೆಗೆ ಎಪ್ಪತ್ತೆರಡು ವರ್ಷ ಕಾದ ತಂಡವದು. 2012ರಲ್ಲಿ ಮತ್ತೆ ಗೆದ್ದು, 2014ರ ಅಂತಿಮದಲ್ಲಿ 63 ಅಂಕಗಳಿಂದ ಹೀನಾಯವಾಗಿ ಸೋತಿತ್ತು. ಆ ಅವಮಾನವನ್ನು ತೊಳೆಯಬೇಕೆಂಬ ಹಂಬಲ ಅವರದು. ಕಾಯುವಿಕೆಯ ನೋವನ್ನು ಬಲ್ಲವರೇ ಎರಡೂ ಕಡೆ ನಿಂತಿದ್ದರೆಂಬುದನ್ನು ಮರೆಯಲಾಗದು. ಆ ವರ್ಷ ಸಿಡ್ನಿ 22 ಪಂದ್ಯಗಳಲ್ಲಿ 17ನ್ನು ಗೆದ್ದು ಪಟ್ಟಿಯ ಶಿರಸ್ಸಿನಲ್ಲಿತ್ತು. ಬುಲ್‌ಡಾಗ್ಸ್ ಗೆದ್ದದ್ದು 15. ಲೆಕ್ಕ ಬಲ್ಲವರು ಹಂಸದ ಪಕ್ಷಕ್ಕೆ ಒಲಿದದ್ದು ಸಹಜ.

ಹೀಗಿರಲು ಅಭಿಮಾನಿಗಳ ಯುದ್ಧತಂತ್ರದ ವಿಚಾರಗಳು ರೈಲಿನಲ್ಲಿ, ಚಹದ ಅಂಗಡಿಯಲ್ಲಿ, ಊಟದ ಮೇಜಿನ ಮೇಲೆ ಎಡೆಬಿಡದೆ ನಡೆದವು. ಮೊದಲನೆಯ ಪ್ರಶ್ನೆ ಲಾನ್ಸ್ ಫ್ರಾಂಕ್ಲಿನ್ ಕುರಿತದ್ದು. ಆರೂವರೆ ಅಡಿಯ ಆಳು, ಎಡಗಾಲಿನವನು, ಐವತ್ತು ಮೀಟರ್ ದೂರದಿಂದಲೂ ಗೋಲು ಹೊಡೆಯಬಲ್ಲವನು. ಅವನನ್ನು ತಡೆಯುವವರು ಯಾರು? ಹದಿಹರೆಯ ದಾಟಿ ಬಹುಕಾಲವಾಗದ, ಅನುಭವ ಸಾಲದ ಜೋಯಲ್ ಹ್ಯಾಮ್ಲಿಂಗನೆ? ಇಲ್ಲವೆ ಮೂವತ್ತಮೂರರ ಡೇಲ್ ಮಾರಿಸ್ಸನೆ? ಬಲಕ್ಕೆ ಬಲವೆಂದು ಕೆಲವರು ಹ್ಯಾಮ್ಲಿಂಗನನ್ನು ಹೇಳಿದರು. ಬುದ್ಧಿಯೇ ಬಲವೆಂದು ಕೆಲವರು ಮಾರಿಸ್ಸನನ್ನು ಹೇಳಿದರು. ಒಬ್ಬನು ಮೈಗೆ ಮೈ ಕೊಟ್ಟು ನಿಲ್ಲಲಿ, ಮತ್ತೊಬ್ಬನು ಹಿಂದಿನಿಂದ ಬಂದು ಚೆಂಡನ್ನು ಗುದ್ದಿ ಕೆಡವಲಿ ಎಂದು ರಾಜಿ ಮಾಡಿದವರೂ ಉಂಟು.

ಎರಡನೆಯದು ಅಂಗಳದ ನಡುವಣ ಕಾಳಗ. ಆಗ ತೀರ್ಪುಗಾರನು ಚೆಂಡನ್ನು ನೆಲಕ್ಕೆ ಬಡಿದು ಮೇಲಕ್ಕೆ ಪುಟಿಸಿದಾಗ ಎರಡು ಪಕ್ಷಗಳ ಎತ್ತರದ ಆಳುಗಳು ಹಾರಿ ಅದನ್ನು ತಟ್ಟುತ್ತಿದ್ದರು. ಕೆಳಗೆ ಗಿಡ್ಡನೆಯ ಗಟ್ಟಿಗರು ಅದಕ್ಕಾಗಿ ಮುಗಿಬೀಳುತ್ತಿದ್ದರು. ಸಿಡ್ನಿಗೆ ಅಲ್ಲಿ ಕೆನಡಿ, ಹ್ಯಾನಬರಿ, ಪಾರ್ಕರ್ ಎಂಬ ಮೂವರು ಕಲ್ಲಿನಂತಹವರಿದ್ದರು. ಪಶ್ಚಿಮದವರಿಗೆ ಇಪ್ಪತ್ತೇ ವರ್ಷದ ಮಾರ್ಕಸ್ ಬಾಂಟೆಂಪೆಲಿಯೂ, 1997ರಲ್ಲಿ ಕೈಯೆತ್ತಿ ಕುಣಿದ ಟೋನಿಯ ಮಗನಾದ ಟಾಮ್ ಲಿಬರಟೋರೆಯೂ ಇದ್ದರು. ತಂದೆಯ ಒಂದು ಅಂಕವನ್ನು ಮಗ ಆರು ಮಾಡಲಿ ಎಂದು ಹಾರೈಸದ ಅಭಿಮಾನಿಯೇ ಇರಲಿಲ್ಲ. ಎತ್ತರದ ಆಳು ಜೋರ್ಡನ್ ರಫ್‌ಹೆಡ್‌ನಿಗೆ ಉಪಾಂತ್ಯದಲ್ಲಿ ಚೆಂಡು ಕಣ್ಣಿಗೆ ಬಡಿದು ರಕ್ತ ಕಟ್ಟಿತ್ತು. ಅವನು ಆಡಬಲ್ಲನೆ ಎಂಬ ಚಿಂತೆ ವಾರವೆಲ್ಲ ಕಾಡಿತು. ಅವನಾಗದಿದ್ದರೆ ಇಪ್ಪತ್ತೊಂದರ ಟಾಮ್ ಬಾಯ್ಡ್ ಒಬ್ಬನೇ ಹೊರಬೇಕು. ದೊಡ್ಡ ಸಂಬಳಕ್ಕೆ ಬಂದು, ಅದಕ್ಕೆ ತಕ್ಕಂತೆ ಆಡಲಿಲ್ಲವೆಂಬ ಟೀಕೆಯ ಭಾರವನ್ನು ಈಗಾಗಲೇ ಹೊತ್ತಿದ್ದ ಹುಡುಗ ಅವನು.

ಮೂರನೆಯದು ವೇಗದ ವಿಚಾರ. ಬುಲ್‌ಡಾಗ್ಸ್ ತಂಡದ ವೈಶಿಷ್ಟ್ಯವೆಂದರೆ ಮುಷ್ಟಿಯಿಂದ ಮುಷ್ಟಿಗೆ ಚೆಂಡನ್ನು ದಾಟಿಸುತ್ತ, ಇಕ್ಕಟ್ಟಿನ ಗುಂಪಿನಿಂದ ಬಯಲಿಗೆ ಬಂದು, ಅಲ್ಲಿಂದ ಗಾಳಿಯಂತೆ ಓಡುವುದು. ಹಾಗೆ ಓಡುವವರಲ್ಲಿ ಅಗ್ರಗಣ್ಯನು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಜೇಸನ್ ಜೊಹಾನಿಸನ್. ಅದೇ ವರ್ಷದ ಜುಲೈ 2ರಂದು ಸಿಡ್ನಿಯ ಅಂಗಳದಲ್ಲಿಯೇ, ಕೊನೆಯ ಕ್ಷಣಗಳಲ್ಲಿ ಅವನು ಹೊಡೆದ ಗೋಲಿನಿಂದ ಬುಲ್‌ಡಾಗ್ಸ್ 4 ಅಂಕಗಳಿಂದ ಗೆದ್ದಿತ್ತು. ಆದುದರಿಂದ ಈ ಬಾರಿ ಸಿಡ್ನಿಯವರು ಅವನಿಗೆ ನೆರಳಿನಂತೆ ಒಬ್ಬನನ್ನು ಅಂಟಿಸುವುದು ನಿಶ್ಚಯವೆಂದು ಒಂದು ಪಕ್ಷ. ಅಂಟಿಸಿದರೆ ಒಳ್ಳೆಯದೇ, ಅವರಲ್ಲೊಬ್ಬನು ಕಡಿಮೆಯಾದಂತಾಯಿತೆಂದು ಮತ್ತೊಂದು ಪಕ್ಷ. ಸಿಡ್ನಿಯ ಅಂಗಳ ಕಿರಿದು, ಮೆಲ್ಬರ್ನಿನದು ವಿಶಾಲ. ಹೀಗಿರುವಾಗ ಕಿರಿದಾದಲ್ಲಿಯೇ ಗೆದ್ದವನನ್ನು ವಿಶಾಲವಾದಲ್ಲಿ ಹಿಡಿಯುವವರಾರು ಎಂಬ ತರ್ಕ ಬಹುಮಂದಿಗೆ ಸಮಾಧಾನ ಕೊಟ್ಟಿತು. ನ್ಯಾಯಶಾಸ್ತ್ರದ ಪಂಡಿತರು ಈ ತರ್ಕದಲ್ಲಿ ದೋಷವನ್ನು ತೋರಿಸಬಹುದು. ಗುರುವಾರದ ರಾತ್ರಿ ನಿದ್ರೆ ಬಾರದವನಿಗೆ ಅಷ್ಟು ತರ್ಕ ಸಾಕಾಗುತ್ತದೆ.

ಈ ಎಲ್ಲ ವ್ಯೂಹರಚನೆಯಿಂದ ಏನಾಯಿತು? ಬೆವರಿಡ್ಜ್ ತನ್ನ ಯೋಜನೆಯನ್ನು ಚಹದಂಗಡಿಯಲ್ಲಿ ಕೇಳಿ ರಚಿಸಲಿಲ್ಲ. ಆದರೂ ಆ ಮಾತುಗಳು ವ್ಯರ್ಥವಲ್ಲ. ಯಾರ ಹೆಸರನ್ನು ಮನುಷ್ಯ ಮತ್ತೆ ಮತ್ತೆ ಹೇಳುತ್ತಾನೋ ಅವರು ಅವನಿಗೆ ಆಪ್ತರಾಗುತ್ತಾರೆ. ಹುಡುಗನ ಕಣ್ಣಿನ ಗಾಯಕ್ಕಾಗಿ, ಮುದುಕನಾಗುತ್ತಿರುವ ಮಾರಿಸ್ಸನ ಬೆನ್ನಿಗಾಗಿ, ಟೀಕೆಗೊಳಗಾದ ಬಾಯ್ಡನ ಮಾನಕ್ಕಾಗಿ ಸಾವಿರಾರು ಅಪರಿಚಿತರು ಚಿಂತಿಸಿದರು. ತಂತ್ರವೆಂಬುದು ಇಲ್ಲಿ ಪ್ರೀತಿಯು ತೊಟ್ಟ ಗಂಭೀರವಾದ ವೇಷ. ಮಗನ ಪರೀಕ್ಷೆಗೆ ಹೊರಗೆ ನಿಂತು ಉತ್ತರ ಹೂಡುವ ತಂದೆಯೂ ಇದೇ ವೇಷವನ್ನು ತೊಟ್ಟಿರುತ್ತಾನೆ.

ಅದೇ ವಾರ ಸಂಜೆಗಳಲ್ಲಿ ನಡೆದ ಮತ್ತೊಂದು ಕಾರ್ಯ ಉಲ್ಲೇಖಾರ್ಹವಾದುದು. ಅಲ್ಲಿ ಪ್ರತಿ ಪಂದ್ಯಕ್ಕೂ ಮುನ್ನ ಅಭಿಮಾನಿಗಳು ಬಣ್ಣದ ತೆಳುಗಾಗದದಿಂದ ಎರಡಾಳೆತ್ತರಕ್ಕೂ ಮಿಕ್ಕ ಒಂದು ಮಹಾಪಟವನ್ನು ರಚಿಸುವ ಪದ್ಧತಿಯಿದೆ. ಸಂಬಳವಿಲ್ಲದ ಸೇವಕರು ಕೆಲಸದಿಂದ ಬಂದು, ನೆಲದ ಮೇಲೆ ಮಂಡಿಯೂರಿ, ಅಕ್ಷರ ಅಕ್ಷರವಾಗಿ ಕತ್ತರಿಸಿ ಅಂಟಿಸುತ್ತಾರೆ. ಪಂದ್ಯದ ದಿನ ಅದನ್ನು ಕಂಬಗಳ ಮೇಲೆ ಎತ್ತಿ ಹಿಡಿಯುತ್ತಾರೆ. ಆಟಗಾರರು ಓಡಿಬಂದು ಅದನ್ನು ಹರಿದುಕೊಂಡು ಅಂಗಳಕ್ಕೆ ನುಗ್ಗುತ್ತಾರೆ. ದಿನಗಟ್ಟಲೆಯ ಶ್ರಮ ನಿಮಿಷದಲ್ಲಿ ಚಿಂದಿ. ಬೆಳಗಿನ ಜಾವದಲ್ಲಿ ಅಂಗಳಕ್ಕೆ ರಂಗವಲ್ಲಿ ಹಾಕಿ, ಮಧ್ಯಾಹ್ನದೊಳಗೆ ಅದು ಕಾಲ್ತುಳಿತಕ್ಕೆ ಅಳಿಸುವುದನ್ನು ಬಲ್ಲ ಗೃಹಿಣಿಯಂತೆ ಅವರೂ ಬೇಸರಪಡುವುದಿಲ್ಲ. ಹರಿಯಲೆಂದೇ ರಚಿಸಿದುದು ಅದು. ಬಾಗಿಲಾಗುವುದೇ ಅದರ ಸಾರ್ಥಕತೆ.

ಶುಕ್ರವಾರ ಸೆಪ್ಟೆಂಬರ್ 30ರಂದು ನಗರದಲ್ಲಿ ರಜೆ. ಎರಡೂ ತಂಡಗಳ ಆಟಗಾರರನ್ನು ತೆರೆದ ವಾಹನಗಳಲ್ಲಿ ಮೆರವಣಿಗೆ ಮಾಡಿಸಿದರು. ಬೀದಿಯ ಇಕ್ಕೆಲಗಳಲ್ಲಿಯೂ ಜನಸಾಗರ. ಮುಂದೆ ಹೋಗುತ್ತಿದ್ದವರಲ್ಲಿ ಬಹುಮಂದಿ 1989ರಲ್ಲಿ ಹುಟ್ಟಿಯೇ ಇರದಿದ್ದ ಹುಡುಗರು. ನೋಡುತ್ತಿದ್ದವರಲ್ಲಿ ಅಂದು ಡಬ್ಬಿ ಹಿಡಿದು ಅಲೆದವರೂ ಇದ್ದರು. ಅಂದಿನ ಹೋರಾಟದ ಮುಂದಾಳು ಪೀಟರ್ ಗಾರ್ಡನ್ ಮತ್ತೆ ಸಂಘದ ಅಧ್ಯಕ್ಷನಾಗಿದ್ದನು. ಈ ಹುಡುಗರು ಈ ಅಂಗಿಯನ್ನು ತೊಡಲು ಸಾಧ್ಯವಾದುದು ಆ ಡಬ್ಬಿಗಳಿಂದ ಎಂಬುದನ್ನು ಯಾರೂ ಕೂಗಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಗೆಲುವಿಗಾಗಿ ಹಾರೈಸುವುದು ಯಾರಿಗಾದರೂ ಬರುತ್ತದೆ. ಇಪ್ಪತ್ತೇಳು ವರ್ಷಗಳ ಹಿಂದೆ ಗೆಲುವಿನ ಮಾತಿಲ್ಲದಾಗ ಕೊಟ್ಟವನ ಹಾರೈಕೆಯ ತೂಕ ಬೇರೆ. ಆ ರಾತ್ರಿ ಅಂತಹವನ ಮನಸ್ಸಿನಲ್ಲಿ ನಾಳೆಯ ಫಲ ಎಂತಾದರೂ ಅಳಿಯದ ಒಂದು ತೃಪ್ತಿಯಿತ್ತು: ನಾಳೆ ಎಂಬುದೊಂದು ಇದೆಯಲ್ಲ!

ಮರುದಿನ ಮಧ್ಯಾಹ್ನ 99,981 ಜನರ ಎದುರಿಗೆ ಪಂದ್ಯ ನಡೆಯಿತು. ಆರಂಭದಲ್ಲಿಯೇ ಫ್ರಾಂಕ್ಲಿನ್ನನ ಕಾಲಿನ ಕೀಲು ಉಳುಕಿತು. ಆದರೂ ಅವನು ಮರಳಿ ಬಂದು ಆಡಿದನು. ಕೊನೆಯ ಪಾದದಲ್ಲಿ ಡೇಲ್ ಮಾರಿಸ್ ಅದೇ ಫ್ರಾಂಕ್ಲಿನ್ನನನ್ನು ಹಿಂದಿನಿಂದ ಬಂದು ಹಿಡಿದು ಕೆಡವಿದನು. ಜಾರಿದ ಚೆಂಡು ಟಾಮ್ ಬಾಯ್ಡನಿಗೆ ಸಿಕ್ಕಿತು. ಅವನು ದೂರದಿಂದ ಒದ್ದದ್ದು ಬರಿದಾಗಿದ್ದ ಕಂಬಗಳ ನಡುವೆ ಪುಟಿಯುತ್ತ ಗೋಲಾಯಿತು. ಬೆನ್ನೆಲುಬಿನಲ್ಲಿ ಬಿರುಕಿದ್ದೂ ಮಾರಿಸ್ ಆಡಿದ್ದನೆಂಬುದು ಆಮೇಲೆ ತಿಳಿಯಿತು. ಜೊಹಾನಿಸನ್ ಪಂದ್ಯದ ಶ್ರೇಷ್ಠನೆಂಬ ಪದಕವನ್ನು ಪಡೆದನು. ಬುಲ್‌ಡಾಗ್ಸ್ 89, ಸಿಡ್ನಿ 67. ಅರುವತ್ತೆರಡು ವರ್ಷಗಳ ಕಾಯುವಿಕೆ ಮುಗಿಯಿತು.

ಆದರೆ ಆ ದಿನದ ಶಿಖರ ಅಂಕಪಟ್ಟಿಯಲ್ಲಿಲ್ಲ. ಪದಕಗಳನ್ನು ನೀಡುವ ವೇದಿಕೆಯ ಮೇಲೆ ಬೆವರಿಡ್ಜ್, ಕೆಳಗೆ ನಿಂತಿದ್ದ ಮರ್ಫಿಯನ್ನು ಮೇಲಕ್ಕೆ ಕರೆದನು. ತರಬೇತುದಾರನೆಂದು ತನಗೆ ಸಂದ ಪದಕವನ್ನು ತನ್ನ ಕೊರಳಿನಿಂದ ತೆಗೆದು ಅವನ ಕೊರಳಿಗೆ ಹಾಕಿದನು. ಆಡಿದ ನಾಯಕ ವುಡ್ಡನೂ ಆಡಲಾಗದ ನಾಯಕ ಮರ್ಫಿಯೂ ಕೂಡಿ ಪ್ರಶಸ್ತಿಯ ಬಟ್ಟಲನ್ನು ಮೇಲೆತ್ತಿದರು. ಮಹಾಭಾರತದ ಕೊನೆಯಲ್ಲಿ ಧರ್ಮರಾಯನು ಸ್ವರ್ಗದ ಬಾಗಿಲಲ್ಲಿ ನಿಂತು, ದಾರಿಯುದ್ದಕ್ಕೂ ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಒಳಗೆ ಬರಲೊಲ್ಲೆನೆಂದನಲ್ಲವೆ? ಸ್ವರ್ಗವೆಂಬುದು ದೊರೆತಾಗ ಹಿಂದೆ ಉಳಿದವನನ್ನು ತಿರುಗಿ ನೋಡುವುದೇ ಧರ್ಮದ ಕೊನೆಯ ಪರೀಕ್ಷೆ. ನಾಯಿಯ ಲಾಂಛನವನ್ನು ಹೊತ್ತ ಆ ತಂಡದವರು ಆ ಕಥೆಯನ್ನು ಓದಿರಲಿಕ್ಕಿಲ್ಲ. ಆದರೆ ಆ ಪರೀಕ್ಷೆಯಲ್ಲಿ ತೇರ್ಗಡೆಯಾದರು.

ಕಾಲಚಕ್ರ ಅಲ್ಲಿಗೆ ನಿಲ್ಲಲಿಲ್ಲ. 2021ರಲ್ಲಿ ಬುಲ್‌ಡಾಗ್ಸ್ ಮತ್ತೆ ಅಂತಿಮ ಪಂದ್ಯಕ್ಕೆ ಬಂದಿತು. ಎದುರಾಳಿ 1954ರ ಅದೇ ಮೆಲ್ಬರ್ನ್ ತಂಡ. 1964ರಿಂದ ಐವತ್ತೇಳು ವರ್ಷ ಕಾದಿದ್ದ ಸರದಿ ಈಗ ಅವರದು. ಮಹಾಮಾರಿಯ ಕಾರಣ ಪಂದ್ಯ ಪರ್ತ್ ನಗರದಲ್ಲಿ ನಡೆಯಿತು. ಮೆಲ್ಬರ್ನಿನ ಅಭಿಮಾನಿಗಳೆಲ್ಲ ಮನೆಯೊಳಗೆ ಬಂಧಿಗಳಾಗಿ ದೂರದರ್ಶನದ ಮುಂದೆ ಕುಳಿತರು. ಮೆಲ್ಬರ್ನ್ 74 ಅಂಕಗಳಿಂದ ಗೆದ್ದಿತು. ಒಬ್ಬರ ಕಾಯುವಿಕೆ ಮುಗಿದಲ್ಲಿ ಮತ್ತೊಬ್ಬರದು ಹೊಸದಾಗಿ ಆರಂಭವಾಯಿತು.

ಹೀಗೆ ನೋಡಿದಾಗ ಗೆಲುವು ಅತಿಥಿ, ಕಾಯುವಿಕೆ ಮನೆಯವನು ಎಂದು ತೋರುತ್ತದೆ. ಅತಿಥಿ ಬಂದಾಗ ಸಂಭ್ರಮಿಸಬೇಕು; ಆದರೆ ಮನೆಯನ್ನು ನಡೆಸುವವನು ಮನೆಯವನೇ. ಗುರುಗಳು ವರ್ಷವರ್ಷವೂ ಹೊಸ ಮಕ್ಕಳ ಮುಂದೆ ನಿಂತು ಅದೇ ವರ್ಣಮಾಲೆಯನ್ನು ಹೊಸ ನಿರೀಕ್ಷೆಯಿಂದ ಬರೆಯುತ್ತಾರೆ. ದಾನಿಗಳು ತಾವು ನೆರಳಿನಲ್ಲಿ ಕೂರಲಾರದ ಮರಗಳಿಗೆ ನೀರೆರೆಯುತ್ತಾರೆ. ಹಳೆಯ ವಿದ್ಯಾರ್ಥಿಗಳು ದೂರದೂರುಗಳಲ್ಲಿದ್ದು ತಾವು ಕಲಿತ ಶಾಲೆಯ ಫಲಿತಾಂಶವನ್ನು ಪತ್ರಿಕೆಯಲ್ಲಿ ಹುಡುಕುತ್ತಾರೆ. ಇವರಾರೂ ಪರೀಕ್ಷೆಯ ಕೊಠಡಿಯೊಳಗಿಲ್ಲ. ಆದರೂ ಒಳಗಿರುವ ಮಗು ಕುಳಿತಿರುವ ಮಣೆ, ಹಿಡಿದಿರುವ ಲೇಖನಿ, ಉಂಡು ಬಂದ ಪ್ರಸಾದ ಇವರದೇ. ಮಾರಿಬಿರ್ನಾಂಗ್ ದಡದ ಡಬ್ಬಿಯಾಗಲಿ, ಈ ನಾಡಿನ ಜೋಳಿಗೆಯಾಗಲಿ, ತುಂಬಿಕೊಂಡದ್ದು ಬರಿಯ ನಾಣ್ಯವನ್ನಲ್ಲ, ಕಾಳನ್ನಲ್ಲ. ನಾಳೆಯೊಂದು ಇರಲಿ ಎಂಬ ಸಂಕಲ್ಪವನ್ನು. ಆ ಸಂಕಲ್ಪವುಳ್ಳವರ ನಿರೀಕ್ಷೆಯು ಭ್ರಮೆಯಲ್ಲ. ಅದೂ ಒಂದು ದಾಸೋಹ.